ಒಡೆದ ಒಂದು ತಟ್ಟೆಯ ಲೆಕ್ಕ: ಫಿನ್‌ಲೆಂಡಿನ ಗಾಜು ವಿನ್ಯಾಸಕಾರ ಕಾಯ್ ಫ್ರಾಂಕ್

ಪ್ರತಿ ವರ್ಷ ಮಾರ್ಚ್ 31ರ ಆಸುಪಾಸಿನಲ್ಲಿ ಅಂತಿಮ ದಾಸ್ತಾನಿನ ಪರಿಶೀಲನೆಗಾಗಿ ಗೋದಾಮುಗಳನ್ನು ಹೊಕ್ಕು ಬರುವುದು ಲೆಕ್ಕಪರಿಶೋಧಕನ ವೃತ್ತಿಧರ್ಮ. ಪಿಂಗಾಣಿ ಮತ್ತು ಗಾಜಿನ ಸಾಮಾನುಗಳ ವರ್ತಕರಲ್ಲಿಗೆ ಹೋದಾಗಲೆಲ್ಲ ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ. ಗೋದಾಮಿನ ಹಿಂಬದಿಯ ಮೂಲೆಯಲ್ಲಿ ಧೂಳು ಹಿಡಿದ ಪೆಟ್ಟಿಗೆಗಳ ಒಂದು ಸಾಲು. ಒಂದರಲ್ಲಿ ಆರು ಲೋಟಗಳಿಗೆ ಬದಲು ಐದು, ಇನ್ನೊಂದರಲ್ಲಿ ಮುಚ್ಚಳವಿಲ್ಲದ ಬೋಗುಣಿ, ಮತ್ತೊಂದರಲ್ಲಿ ಜೋಡಿ ತಪ್ಪಿದ ತಟ್ಟೆಗಳು. ಇದ್ದ ವಸ್ತುಗಳಲ್ಲಿ ಯಾವ ದೋಷವೂ ಇಲ್ಲ, ಆದರೂ ಮಾರಾಟವಾಗುವುದಿಲ್ಲ. "ಸ್ವಾಮಿ, ಇದಕ್ಕೆ ಏನು ಬೆಲೆ ಹಾಕೋಣ?" ಎಂದು ವರ್ತಕರು ಕೇಳುತ್ತಾರೆ. ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದು ಎಂಬ ನಿಯಮವನ್ನು ಹೇಳಿ ನಾವು ಮುಂದಕ್ಕೆ ಸಾಗುತ್ತೇವೆ. ನಿಯಮ ಸರಿಯಾಗಿಯೇ ಇದೆ. ಆದರೆ ಒಂದು ತಟ್ಟೆ ಒಡೆದರೆ ಉಳಿದ ಐದರ ಬೆಲೆ ಏಕೆ ಬೀಳಬೇಕು ಎಂಬ ಪ್ರಶ್ನೆಗೆ ಲೆಕ್ಕಶಾಸ್ತ್ರದಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಯನ್ನು ಕಾರ್ಖಾನೆಯ ಒಳಗೇ ನಿಂತು ಕೇಳಿಕೊಂಡು, ತಮ್ಮ ಜೀವಮಾನದ ದುಡಿಮೆಯಿಂದಲೇ ಉತ್ತರ ಕೊಟ್ಟವರೊಬ್ಬರಿದ್ದರು. ಅವರು ವರ್ತಕರಲ್ಲ, ಲೆಕ್ಕಿಗರೂ ಅಲ್ಲ. ಫಿನ್‌ಲೆಂಡಿನ ಗಾಜು ಮತ್ತು ಪಿಂಗಾಣಿ ವಿನ್ಯಾಸಕಾರ ಕಾಯ್ ಫ್ರಾಂಕ್. ಕಲೆಯ ಇತಿಹಾಸದಲ್ಲಿ ಅವರ ಹೆಸರು ದೊಡ್ಡದು. ಆದರೆ ಸಣ್ಣ ಉದ್ದಿಮೆದಾರರು ಮತ್ತು ವರ್ತಕರು ಅವರ ಬದುಕನ್ನು ಕಲೆಯ ಕಣ್ಣಿನಿಂದಲ್ಲದೆ ವ್ಯವಹಾರದ ಕಣ್ಣಿನಿಂದಲೂ ಓದಬಹುದು ಎಂಬ ನಂಬಿಕೆಯಿಂದ ಈ ಲೇಖನವನ್ನು ಬರೆದಿದ್ದೇನೆ.

ಕಳೆದುಹೋದ ಊರಿನ ಮಗ

ಕಾಯ್ ಫ್ರಾಂಕ್ ಅವರು 1911ರ ನವೆಂಬರ್ 9ರಂದು ವೀಪುರಿ ನಗರದಲ್ಲಿ ಜನಿಸಿದರು. ಸ್ವೀಡಿಷ್ ಭಾಷೆಯನ್ನಾಡುವ ಕುಟುಂಬ. ತಾಯಿಯ ತಂದೆ ಯಾಕ್ ಆರೆನ್‌ಬೆರಿ ಪ್ರಸಿದ್ಧ ವಾಸ್ತುಶಿಲ್ಪಿ. ವೀಪುರಿ ಆ ಕಾಲದಲ್ಲಿ ಹಲವು ಭಾಷೆಗಳ ಜನ ಸೇರಿ ಬಾಳುತ್ತಿದ್ದ, ಫಿನ್‌ಲೆಂಡಿನ ಪ್ರಮುಖ ವ್ಯಾಪಾರಿ ನಗರಗಳಲ್ಲೊಂದು. ಹೆಲ್ಸಿಂಕಿಯ ಕೇಂದ್ರ ಕರಕುಶಲ ಕಲಾಶಾಲೆಯಲ್ಲಿ ಫ್ರಾಂಕ್ ಅವರು ಓದಿದ್ದು ಪೀಠೋಪಕರಣ ವಿನ್ಯಾಸವನ್ನು. 1932ರಲ್ಲಿ ಓದು ಮುಗಿದ ಮೇಲೆ ಒಳಾಂಗಣ, ಬಟ್ಟೆ ಹೀಗೆ ನಾನಾ ಬಗೆಯ ಕೆಲಸಗಳಲ್ಲಿ ಕೈಯಾಡಿಸಿದರು. ಗಾಜನ್ನಾಗಲಿ ಪಿಂಗಾಣಿಯನ್ನಾಗಲಿ ಅವರು ಶಾಲೆಯಲ್ಲಿ ಕಲಿತವರಲ್ಲ ಎಂಬುದು ಗಮನಾರ್ಹ.

ಅಷ್ಟರಲ್ಲಿ ಯುದ್ಧ ಬಂತು. 1939ರಿಂದ 1944ರವರೆಗೆ ಫಿನ್‌ಲೆಂಡ್ ಸೋವಿಯತ್ ಒಕ್ಕೂಟದೊಂದಿಗೆ ಎರಡು ಬಾರಿ ಕಾದಿತು. ಕೊನೆಗೆ ಕರೇಲಿಯಾ ಪ್ರಾಂತದ ಬಹುಭಾಗವನ್ನು ಬಿಟ್ಟುಕೊಡಬೇಕಾಯಿತು. ಅದರೊಂದಿಗೆ ವೀಪುರಿಯೂ ಕೈಬಿಟ್ಟಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಮನೆಮಠಗಳನ್ನು ತೊರೆದು ಪಶ್ಚಿಮಕ್ಕೆ ಬಂದರು. ಇದು ದೇಶದ ಜನಸಂಖ್ಯೆಯ ಹತ್ತರಲ್ಲೊಂದು ಭಾಗಕ್ಕಿಂತ ಅಧಿಕ. ಫ್ರಾಂಕ್ ಅವರು ಹುಟ್ಟಿದ ಊರು ಭೂಪಟದಲ್ಲಿ ಬೇರೊಂದು ದೇಶಕ್ಕೆ ಸೇರಿಹೋಯಿತು. ಇದರ ಜೊತೆಗೆ 1938ರ ಬೆಲೆಗಳ ಲೆಕ್ಕದಲ್ಲಿ 30 ಕೋಟಿ ಡಾಲರ್ ಮೌಲ್ಯದ ಯುದ್ಧಪರಿಹಾರವನ್ನು ಹಡಗು, ಯಂತ್ರ, ಕೇಬಲ್, ಮರ ಮುಂತಾದ ಸರಕಿನ ರೂಪದಲ್ಲಿ ಸೋವಿಯತ್ ಒಕ್ಕೂಟಕ್ಕೆ ಸಲ್ಲಿಸುವ ಹೊಣೆ ದೇಶದ ಮೇಲೆ ಬಿತ್ತು. ಆ ಸಾಲವು ತೀರಿದ್ದು 1952ರಲ್ಲಿ.

ಈ ಹಿನ್ನೆಲೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಉಟ್ಟ ಬಟ್ಟೆಯಲ್ಲಿ ಬಂದ ಕುಟುಂಬಗಳು ಒಂದೆರಡು ಕೋಣೆಗಳ ಮನೆಗಳಲ್ಲಿ ಹೊಸದಾಗಿ ಸಂಸಾರ ಹೂಡಬೇಕಾಗಿತ್ತು. ಅವರಿಗೆ ಬೇಕಾಗಿದ್ದುದು ಹಬ್ಬಕ್ಕೊಮ್ಮೆ ಹೊರತೆಗೆಯುವ ಹನ್ನೆರಡು ಮಂದಿಯ ಊಟದ ಸೆಟ್ ಅಲ್ಲ. ಇಂದಿನ ಊಟಕ್ಕೆ ಬೇಕಾದ ನಾಲ್ಕು ತಟ್ಟೆ. ಉಳಿದುದನ್ನು ಕೈಯಲ್ಲಿ ಹಣ ಓಡಾಡಿದಾಗ ಕೊಳ್ಳಬೇಕು. ಮಾರುಕಟ್ಟೆಯು ಒಳಗಿಂದೊಳಗೇ ಬದಲಾಗಿತ್ತು. ಆದರೆ ಕಾರ್ಖಾನೆಗಳ ಮಾದರಿಗಳು ಬದಲಾಗಿರಲಿಲ್ಲ.

ಅರಾಬಿಯಾ ಕಾರ್ಖಾನೆಯಲ್ಲಿ

1945ರಲ್ಲಿ ಫ್ರಾಂಕ್ ಅವರು ಹೆಲ್ಸಿಂಕಿಯ ಅರಾಬಿಯಾ ಪಿಂಗಾಣಿ ಕಾರ್ಖಾನೆಯನ್ನು ಸೇರಿದರು. ಅಲ್ಲಿನ ಕಲಾನಿರ್ದೇಶಕರಾಗಿದ್ದ ಕುರ್ಟ್ ಎಕ್‌ಹೋಮ್ ಅವರು ಇವರನ್ನು ಕರೆತಂದರು. ಅರಾಬಿಯಾ ಎಂಬುದು ಕಾರ್ಖಾನೆಯಿದ್ದ ಬಡಾವಣೆಯ ಹೆಸರು. 1873ರಲ್ಲಿ ಸ್ವೀಡನ್ನಿನ ರೋರ್‌ಸ್ಟ್ರಾಂಡ್ ಕಂಪನಿಯು ಅಲ್ಲಿ ಇದನ್ನು ಸ್ಥಾಪಿಸಿತ್ತು. ಎರಡು ಯುದ್ಧಗಳ ನಡುವೆ ಅದು ಯೂರೋಪಿನ ದೊಡ್ಡ ಪಿಂಗಾಣಿ ಕಾರ್ಖಾನೆಗಳಲ್ಲಿ ಒಂದಾಗಿ ಬೆಳೆದಿತ್ತು. ಅರಾಬಿಯಾದಲ್ಲಿ ಕಲಾವಿದರ ಒಂದು ವಿಭಾಗವಿತ್ತು. ಅಲ್ಲಿ ಪ್ರದರ್ಶನಕ್ಕೆ ಹೋಗುವ ಕೃತಿಗಳು ತಯಾರಾಗುತ್ತಿದ್ದವು. ಫ್ರಾಂಕ್ ಅವರಿಗೆ ವಹಿಸಲಾದದ್ದು ಅದಲ್ಲ, ದಿನಬಳಕೆಯ ಪಾತ್ರೆಗಳ ವಿನ್ಯಾಸ.

ಅಲ್ಲಿ ಅವರು ಕೈಗೊಂಡ ಕೆಲಸದಿಂದ ಹುಟ್ಟಿದ್ದು 'ಕಿಲ್ತಾ' ಎಂಬ ಪಾತ್ರೆಗಳ ಶ್ರೇಣಿ. ಹಲವು ವರ್ಷಗಳ ಪ್ರಯೋಗದ ನಂತರ 1953ರಲ್ಲಿ ಅದು ಮಾರುಕಟ್ಟೆಗೆ ಬಂತು. ಕಿಲ್ತಾ ಎಂದರೆ ಫಿನ್ನಿಷ್ ಭಾಷೆಯಲ್ಲಿ ಕುಶಲಕರ್ಮಿಗಳ ಅಥವಾ ವರ್ತಕರ ಸಂಘ. ವಾಣಿಜ್ಯ ಸಂಸ್ಥೆಯ ಸದಸ್ಯರಾದ ನಮಗೆ ಈ ಹೆಸರು ಆಪ್ತವೆನಿಸದೆ ಇರದು. ಹೆಸರಿಗೆ ತಕ್ಕಂತೆ ಆ ಪಾತ್ರೆಗಳು ಒಂದು ಸಂಘದ ಸದಸ್ಯರಂತೆಯೇ ಇದ್ದವು: ಪ್ರತಿಯೊಂದೂ ಸ್ವತಂತ್ರ, ಕೂಡಿದಾಗ ಹೊಂದಿಕೆ.

ಫ್ರಾಂಕ್ ಅವರು ಮೊದಲು ಮಾಡಿದ್ದು ತೆಗೆದುಹಾಕುವ ಕೆಲಸ. ತಟ್ಟೆಯ ಸುತ್ತ ಇರುತ್ತಿದ್ದ ಅಗಲವಾದ ಅಂಚನ್ನು ತೆಗೆದರು. ಅಲ್ಲಿಗೆ ಅಂಚಿನ ಮೇಲಿನ ಹೂಬಳ್ಳಿಯ ಚಿತ್ರಕ್ಕೂ ಸ್ಥಳವಿಲ್ಲದಾಯಿತು. ಆಕಾರಗಳನ್ನು ವೃತ್ತ, ಚೌಕ, ಶಂಕು ಮುಂತಾದ ಕೆಲವೇ ಸರಳ ರೂಪಗಳಿಗೆ ಇಳಿಸಿದರು. ಅಲಂಕಾರಕ್ಕೆ ಬಣ್ಣವೊಂದೇ ಸಾಕು ಎಂಬುದು ಅವರ ನಿಲುವು: ಬಿಳಿ, ಕಪ್ಪು, ಹಸಿರು, ನೀಲಿ, ಹಳದಿ. ಯಾವ ಬಣ್ಣದ ಬಟ್ಟಲನ್ನು ಯಾವ ಬಣ್ಣದ ತಟ್ಟೆಯ ಮೇಲಿಟ್ಟರೂ ಹೊಂದುವಂತೆ ಅವನ್ನು ರೂಪಿಸಿದರು. ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿಡಬಹುದಾಗಿತ್ತು. ಅಡುಗೆ ಮಾಡಿದ ಬೋಗುಣಿಯನ್ನೇ ಊಟದ ಮೇಜಿಗೆ ತರಬಹುದಾಗಿತ್ತು.

ಒಂದು ಪುಟ್ಟ ವಿವರವು ಅವರ ವಿಚಾರಸರಣಿಯನ್ನು ತಿಳಿಸುತ್ತದೆ. ಫಿನ್‌ಲೆಂಡಿನ ಮನೆಗಳ ಕಿಟಕಿಗಳಿಗೆ ಚಳಿಯ ಕಾರಣದಿಂದ ಎರಡು ಪದರ ಗಾಜು ಇರುತ್ತದೆ. ಶೀತಪೆಟ್ಟಿಗೆಯಿಲ್ಲದ ಮನೆಗಳಲ್ಲಿ ಗೃಹಿಣಿಯರು ಹಾಲು ಕೆನೆಗಳನ್ನು ಆ ಎರಡು ಗಾಜುಗಳ ನಡುವಿನ ಕಿರಿದಾದ ಜಾಗದಲ್ಲಿ ಇಡುತ್ತಿದ್ದರು. ಕಿಲ್ತಾದ ಕೆನೆಯ ಹೂಜಿಯನ್ನು ಫ್ರಾಂಕ್ ಅವರು ಆ ಜಾಗದಲ್ಲಿ ಕೂರುವಷ್ಟು ಸಪೂರವಾಗಿ ರೂಪಿಸಿದರು. ಗಿರಾಕಿಯ ಮನೆಯ ಕಿಟಕಿಯನ್ನು ಅಳೆದು ಸರಕು ತಯಾರಿಸಿದ ಉದಾಹರಣೆಯಿದು.

ಸೆಟ್ ಒಡೆಯುವ ವ್ಯವಹಾರ

ಕಿಲ್ತಾದ ಅತಿ ಮುಖ್ಯ ಅಂಶ ಅದರ ಆಕಾರವಲ್ಲ, ಮಾರಾಟದ ವಿಧಾನ. ಅದನ್ನು ಸೆಟ್ಟಾಗಿ ಕೊಳ್ಳಬೇಕಾಗಿರಲಿಲ್ಲ. ಒಂದೊಂದಾಗಿ, ಬೇಕಾದಾಗ ಬೇಕಾದಷ್ಟನ್ನು ಕೊಳ್ಳಬಹುದಾಗಿತ್ತು. ಊಟದ ಸೆಟ್ ಎಂಬ ಕಲ್ಪನೆಯನ್ನೇ ಒಡೆಯಬೇಕು ಎಂಬುದು ಫ್ರಾಂಕ್ ಅವರ ವಾದವಾಗಿತ್ತು.

ಇದರ ಲೆಕ್ಕವನ್ನು ನಮ್ಮ ರೀತಿಯಲ್ಲಿ ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ನೋಡೋಣ. ಒಬ್ಬ ವರ್ತಕರಲ್ಲಿ 36 ವಸ್ತುಗಳ ಊಟದ ಸೆಟ್‌ಗಳು ಮೂರು ನಮೂನೆಗಳಲ್ಲಿ ತಲಾ ಹತ್ತರಂತೆ ಒಟ್ಟು 30 ಇವೆ ಎಂದಿಟ್ಟುಕೊಳ್ಳಿ. ವಸ್ತುಗಳ ಸಂಖ್ಯೆ 1,080. ಸಾಗಾಣಿಕೆಯಲ್ಲಿ ಒಂಬತ್ತು ವಸ್ತುಗಳು ಒಡೆದವು. ಅವು ಒಂಬತ್ತು ಬೇರೆ ಬೇರೆ ಸೆಟ್‌ಗಳಿಗೆ ಸೇರಿದ್ದವು. ವಾಸ್ತವಿಕ ಒಡಕು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಪೂರ್ಣ ಬೆಲೆಗೆ ಮಾರಲಾಗದ ಸೆಟ್‌ಗಳು 30ರಲ್ಲಿ ಒಂಬತ್ತು, ಅಂದರೆ ನೂರಕ್ಕೆ ಮೂವತ್ತು. ಒಂದು ಸೆಟ್ಟನ್ನು ಒಡೆದು ಉಳಿದವನ್ನು ಪೂರ್ಣಗೊಳಿಸೋಣವೆಂದರೆ ನಮೂನೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿದರೂ ಒಡೆದ ಸೆಟ್ಟಿನ ಉಳಿಕೆ ಮತ್ತೆ ಮೂಲೆಗೇ ಸೇರುತ್ತದೆ. ಇದೇ ಸರಕು ಬಿಡಿಬಿಡಿಯಾಗಿ ಮಾರಾಟವಾಗುವಂಥದ್ದಾದರೆ ನಷ್ಟವು ಆ ಒಂಬತ್ತು ವಸ್ತುಗಳಿಗೇ ಮುಗಿಯುತ್ತದೆ.

ಗಿರಾಕಿಯ ಕಡೆಯಿಂದಲೂ ನೋಡಬೇಕು. ಸೆಟ್ಟಿನಲ್ಲಿ ಒಂದು ತಟ್ಟೆ ಒಡೆದರೆ ಆಕೆಗೆ ಮತ್ತೊಂದು ಸಿಗುವುದಿಲ್ಲ ಎಂಬ ಭಯವಿರುತ್ತದೆ. ಆದ್ದರಿಂದ ಒಳ್ಳೆಯ ಪಾತ್ರೆ ಕಪಾಟಿನಲ್ಲೇ ಉಳಿಯುತ್ತದೆ. ಬಳಕೆಯಾಗದ ವಸ್ತು ಒಡೆಯುವುದಿಲ್ಲ. ಒಡೆಯದ ವಸ್ತುವಿಗೆ ಎರಡನೆಯ ಮಾರಾಟವಿಲ್ಲ. ಬಿಡಿಯಾಗಿ ದೊರೆಯುವ ಪಾತ್ರೆಯನ್ನು ಆಕೆ ನಿತ್ಯವೂ ಧೈರ್ಯವಾಗಿ ಬಳಸುತ್ತಾಳೆ ಮತ್ತು ಒಡೆದಾಗ ಅದೇ ಅಂಗಡಿಗೆ ಮರಳಿ ಬರುತ್ತಾಳೆ.

ಐದು ಬಣ್ಣಗಳೆಂದರೆ ದಾಸ್ತಾನು ಐದು ಪಟ್ಟಾಗಲಿಲ್ಲವೇ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಆದರೆ ಕಿಲ್ತಾದಂಥ ಪಾತ್ರೆಯ ತಯಾರಿಕೆಯಲ್ಲಿ ಮಣ್ಣಿನ ದೇಹವನ್ನು ಮೊದಲು ಸುಟ್ಟು, ಆನಂತರ ಹೊಳಪಿನ ಲೇಪವನ್ನು ಕೊಟ್ಟು ಮತ್ತೆ ಸುಡುತ್ತಾರೆ. ಬಣ್ಣವು ಲೇಪದಲ್ಲಿ ಬರುತ್ತದೆ. ಅಚ್ಚು ಒಂದೇ, ಮೊದಲ ಸುಡುವಿಕೆಯ ಸರಕೂ ಒಂದೇ. ಬಣ್ಣದ ತೀರ್ಮಾನವನ್ನು ಕೊನೆಯ ಹಂತದವರೆಗೆ ಮುಂದೂಡಬಹುದು. ಜೊತೆಗೆ ಎಲ್ಲ ಬಣ್ಣಗಳೂ ಪರಸ್ಪರ ಹೊಂದುವುದರಿಂದ ಹಳದಿ ಉಳಿದರೆ ಅದು ಸತ್ತ ಸರಕಾಗುವುದಿಲ್ಲ, ನೀಲಿಯ ಜೊತೆ ಸೇರಿ ಹೋಗುತ್ತದೆ. ದುಡಿಯುವ ಬಂಡವಾಳದ ಉಳಿತಾಯವೆಂದರೆ ಬ್ಯಾಂಕಿನ ಬಡ್ಡಿಯ ಚೌಕಾಸಿ ಮಾತ್ರವಲ್ಲ. ಅದು ಸರಕಿನ ಆಕಾರ ನಿಶ್ಚಯವಾಗುವಾಗಲೇ ಅರ್ಧ ನಿಶ್ಚಯವಾಗಿರುತ್ತದೆ.

ನೂತಾಯಾರ್ವಿಯ ಗಾಜಿನ ಮನೆ

ಗಾಜಿನ ಲೋಕಕ್ಕೆ ಫ್ರಾಂಕ್ ಅವರು ಬಂದದ್ದು ಒಂದು ಸ್ಪರ್ಧೆಯ ಮೂಲಕ. 1946ರಲ್ಲಿ ಇತ್ತಾಲಾ ಗಾಜಿನ ಕಾರ್ಖಾನೆ ನಡೆಸಿದ ವಿನ್ಯಾಸ ಸ್ಪರ್ಧೆಯಲ್ಲಿ ಅವರೂ ತಾಪಿಯೊ ವಿರ್ಕ್ಕಲಾ ಅವರೂ ಬಹುಮಾನ ಪಡೆದರು. ಮುಂದೆ ವಿರ್ಕ್ಕಲಾ ಅವರು ಇತ್ತಾಲಾದಲ್ಲಿ ಉಳಿದು ಜಗತ್ಪ್ರಸಿದ್ಧರಾದರು. ಫ್ರಾಂಕ್ ಅವರ ದಾರಿ ನೂತಾಯಾರ್ವಿಯ ಕಡೆ ತಿರುಗಿತು. 1793ರಲ್ಲಿ ಆರಂಭವಾದ ನೂತಾಯಾರ್ವಿ ಫಿನ್‌ಲೆಂಡಿನ ಅತ್ಯಂತ ಹಳೆಯ ಗಾಜಿನ ಕಾರ್ಖಾನೆಯೆಂದು ಹೆಸರಾಗಿತ್ತು. ಹಡಗು ಮತ್ತು ಯಂತ್ರ ನಿರ್ಮಾಣದ ವಾರ್ಟ್ಸಿಲಾ ಸಮೂಹವು 1947ರಲ್ಲಿ ಅರಾಬಿಯಾವನ್ನೂ 1950ರಲ್ಲಿ ನೂತಾಯಾರ್ವಿಯನ್ನೂ ಕೊಂಡುಕೊಂಡಿತು. ಹೀಗೆ ಫ್ರಾಂಕ್ ಅವರು ಗಾಜಿನ ಕಾರ್ಖಾನೆಯ ಕಲಾನಿರ್ದೇಶಕರಾದರು. 1976ರವರೆಗೂ ಆ ಹೊಣೆಯಲ್ಲಿದ್ದರು.

ಗಾಜಿನ ಉದ್ದಿಮೆಯ ಅರ್ಥಶಾಸ್ತ್ರ ಕಠಿಣವಾದದ್ದು. ಮರಳು, ಸೋಡಾ, ಸುಣ್ಣಗಳ ಮಿಶ್ರಣವನ್ನು ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಶಾಖದಲ್ಲಿ ಕರಗಿಸಬೇಕು. ಕುಲುಮೆಯನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲ. ಅದು ಹಗಲಿರುಳೂ ಉರಿಯಬೇಕು. ಸರಕು ಹೊರಬಂದರೂ ಬಾರದಿದ್ದರೂ ಇಂಧನದ ವೆಚ್ಚ ನಿಲ್ಲದು. ಊದುಕೊಳವೆಯ ತುದಿಯಲ್ಲಿ ಗಾಜನ್ನು ತೆಗೆದು ಅಚ್ಚಿನೊಳಗೆ ಊದಿದ ಮೇಲೆ, ಮೇಲ್ಭಾಗದಲ್ಲಿ ಉಳಿಯುವ ಹೆಚ್ಚುವರಿ ಗಾಜನ್ನು ಕತ್ತರಿಸಿ ಅಂಚನ್ನು ನಯಗೊಳಿಸಬೇಕು. ಆಮೇಲೆ ನಿಧಾನವಾಗಿ ತಂಪಾಗಿಸದಿದ್ದರೆ ಒಳಗಿನ ಒತ್ತಡದಿಂದ ವಸ್ತು ತಾನಾಗಿಯೇ ಸೀಳುತ್ತದೆ. ಒತ್ತು ಅಚ್ಚಿನ ಗಾಜಿಗಾದರೆ ಈ ಕತ್ತರಿಸುವ ಕೆಲಸ ಉಳಿಯುತ್ತದೆ, ಆದರೆ ಅಚ್ಚಿನ ಖರ್ಚು ದುಬಾರಿ. ಇಂಥ ಉದ್ದಿಮೆಯಲ್ಲಿ ವಿನ್ಯಾಸಕಾರನು ಎಳೆಯುವ ಪ್ರತಿಯೊಂದು ಗೆರೆಯೂ ಖರ್ಚಿನ ಬಾಬತ್ತೇ ಸರಿ.

ಫ್ರಾಂಕ್ ಅವರು 1958ರಲ್ಲಿ ರೂಪಿಸಿದ ಕುಡಿಯುವ ಲೋಟವು ಈ ಅರಿವಿನ ಫಲ. ಈಗ ಅದು 'ಕಾರ್ತಿಯೊ' ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಕಾರ್ತಿಯೊ ಎಂದರೆ ಶಂಕು. ಕಾಂಡವಿಲ್ಲ, ಕೆತ್ತನೆಯಿಲ್ಲ, ಹಿಡಿಯಿಲ್ಲ. ಕೆಳಗೆ ಕಿರಿದಾಗಿ ಮೇಲೆ ನೇರವಾಗಿ ಅಗಲವಾಗುವ ಒಂದು ರೂಪ ಮತ್ತು ಅದರ ಬಣ್ಣ. ಅಷ್ಟೇ. ನೋಡಿದವರಿಗೆ "ಇದನ್ನು ಯಾರಾದರೂ ಮಾಡಬಹುದಿತ್ತು" ಎನ್ನಿಸುತ್ತದೆ. ಅರುವತ್ತು ವರ್ಷಗಳಿಗೂ ಮೀರಿ ಅದು ಮಾರಾಟವಾಗುತ್ತಿದೆ ಎಂಬುದು ಈ ಮಾತಿಗೆ ಉತ್ತರ.

ಇಷ್ಟರಿಂದ ಅವರನ್ನು ಸರಳತೆಯ ಹಠವಾದಿ ಎಂದು ಭಾವಿಸಬಾರದು. ಅದೇ ಕುಲುಮೆಯ ಮುಂದೆ ಕುಶಲ ಗಾಜುಗಾರರೊಂದಿಗೆ ನಿಂತು ಅವರು ಸಾಬೂನಿನ ಗುಳ್ಳೆಯಷ್ಟು ತೆಳುವಾದ ಗಾಜನ್ನು ಊದಿಸಿದರು. ವೆನಿಸ್ಸಿನ ಹಳೆಯ ದಾರದೆಳೆಯ ತಂತ್ರವನ್ನು ಪ್ರಯೋಗಿಸಿದರು. 1957ರ ಅವರ ಜೋಡಿ ಹೂಜಿಗಳು ಒಂದರ ಮೇಲೊಂದು ಕುಳಿತು ಮಾಸ್ಕೋ ಕ್ರೆಮ್ಲಿನ್ನಿನ ಗೋಪುರಗಳನ್ನು ನೆನಪಿಸುವುದರಿಂದ 'ಕ್ರೆಮ್ಲಿನ್ನಿನ ಗಂಟೆಗಳು' ಎಂದೇ ಹೆಸರಾದವು. ಬಹುವರ್ಣದ ಪಾನಪಾತ್ರೆಗಳಂತೂ ಉತ್ಸವದ ವಸ್ತುಗಳು. ದಿನಬಳಕೆಯ ಲೋಟದಲ್ಲಿ ಸಂಯಮ, ಕಲಾಕೃತಿಯಲ್ಲಿ ಸ್ವಾತಂತ್ರ್ಯ. ಎರಡಕ್ಕೂ ಒಂದೇ ಖಾತೆ ತೆರೆಯಲು ಅವರು ಒಪ್ಪಲಿಲ್ಲ.

ಇನ್ನೊಂದು ಗುಣವನ್ನೂ ಹೇಳಬೇಕು. ಅವರು ತಮ್ಮ ಜಾಗಕ್ಕೆ ಮತ್ತೊಬ್ಬರನ್ನು ಬೆಳೆಸಿದರು. ಅವರ ಜೊತೆ ನೂತಾಯಾರ್ವಿಯಲ್ಲಿ ದುಡಿದ ಸಾರಾ ಹೊಪೆಯಾ ಅವರ ಒಂದರೊಳಗೊಂದು ಕೂರುವ ಬಣ್ಣದ ಲೋಟಗಳು 1954ರ ಮಿಲಾನ್ ತ್ರೈವಾರ್ಷಿಕ ಪ್ರದರ್ಶನದಲ್ಲಿ ಬೆಳ್ಳಿಯ ಪದಕ ಪಡೆದವು. 1963ರಲ್ಲಿ ಬಂದ ಓಯ್ವಾ ತೊಯ್ಕಾ ಅವರ ಶೈಲಿಯು ಫ್ರಾಂಕ್ ಅವರದಕ್ಕೆ ತೀರಾ ವಿರುದ್ಧ, ಅಲಂಕಾರಪ್ರಿಯ, ವಿನೋದಮಯ. ಆದರೂ ಅವರಿಗೆ ಅಲ್ಲಿ ಅವಕಾಶ ದೊರೆಯಿತು. 1964ರಲ್ಲಿ ತೊಯ್ಕಾ ಅವರು ರೂಪಿಸಿದ 'ಕಾಸ್ತೆಹೆಲ್ಮಿ' ಎಂಬ ಇಬ್ಬನಿಹನಿಯಂಥ ಒತ್ತುಗಾಜಿನ ಪಾತ್ರೆಗಳು ಕಾರ್ಖಾನೆಗೆ ಬಹುಕಾಲ ನಡೆದ ಸರಕಾದವು. ತನ್ನಂತೆಯೇ ಇರುವವರನ್ನು ಮಾತ್ರ ನೇಮಿಸಿಕೊಳ್ಳುವ ಯಜಮಾನರು ಇದನ್ನು ಗಮನಿಸತಕ್ಕದ್ದು.

ಲೋಟದ ಮೇಲೆ ಯಾರ ಹೆಸರು?

1950ರ ದಶಕವು ಫಿನ್‌ಲೆಂಡಿನ ವಿನ್ಯಾಸಕ್ಕೆ ಸುವರ್ಣಕಾಲ. ಮಿಲಾನಿನಲ್ಲಿ ಬಹುಮಾನಗಳು ಸಾಲಾಗಿ ಬಂದವು. ಫ್ರಾಂಕ್ ಅವರಿಗೂ 1955ರಲ್ಲಿ ಲುನ್ನಿಂಗ್ ಪ್ರಶಸ್ತಿ, 1957ರಲ್ಲಿ ಇಟಲಿಯ ಕೊಂಪಾಸ್ಸೊ ದೋರೊ ಪ್ರಶಸ್ತಿ ಸಂದವು. ವಿನ್ಯಾಸಕಾರರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಚಲನಚಿತ್ರ ತಾರೆಯರಂತೆ ಪ್ರಕಟವಾದವು. ಕಂಪನಿಗಳಿಗೆ ಇದರಿಂದ ಲಾಭವಿತ್ತು. ಹೆಸರಿರುವ ಲೋಟವು ಹೆಸರಿಲ್ಲದ ಲೋಟಕ್ಕಿಂತ ಹೆಚ್ಚಿನ ಬೆಲೆಗೆ ಹೋಗುತ್ತದೆ.

1960ರ ದಶಕದ ನಡುಭಾಗದಲ್ಲಿ ಫ್ರಾಂಕ್ ಅವರು ಇದಕ್ಕೆ ಬಹಿರಂಗವಾಗಿಯೇ ತಕರಾರು ತೆಗೆದರು. ದಿನಬಳಕೆಯ, ರಾಶಿರಾಶಿಯಾಗಿ ತಯಾರಾಗುವ ವಸ್ತುವಿನ ಮೇಲೆ ವಿನ್ಯಾಸಕಾರನ ಹೆಸರನ್ನು ಜಾಹೀರಾತಿನಂತೆ ಬಳಸುವುದು ಸರಿಯಲ್ಲವೆಂದು ವಾದಿಸಿದರು. ಒಂದು ಲೋಟವು ಕಾಗದದ ಮೇಲಿನ ಚಿತ್ರದಿಂದಷ್ಟೇ ಆಗುವುದಿಲ್ಲ. ಅಚ್ಚು ಮಾಡುವವರು, ಬಣ್ಣದ ಮಿಶ್ರಣ ಬಲ್ಲವರು, ಊದುವವರು, ಕತ್ತರಿಸುವವರು, ಮಾರುವವರು ಎಲ್ಲರೂ ಅದರಲ್ಲಿ ಪಾಲುದಾರರು. ಗಿರಾಕಿಯು ಹೆಸರಿಗೆ ಹಣ ಕೊಡಬಾರದು, ಉಪಯೋಗಕ್ಕೆ ಕೊಡಬೇಕು. ಅವರೇ ಊದಿಸಿದ ಅಪೂರ್ವ ಕಲಾಕೃತಿಗಳ ತಳದಲ್ಲಿ ಅವರ ಸಹಿ ಇದೆ ಎಂಬುದನ್ನು ಮರೆಯಬಾರದು. ಅವರ ವಿರೋಧವಿದ್ದದ್ದು ಸಹಿಗಲ್ಲ, ಸಹಿಯ ಸಗಟು ವ್ಯಾಪಾರಕ್ಕೆ.

ಈ ವಾದದಲ್ಲಿ ಅವರು ಗೆದ್ದರೇ ಸೋತರೇ ಎಂದರೆ, ವ್ಯಾವಹಾರಿಕವಾಗಿ ಸೋತರೆಂದೇ ಹೇಳಬೇಕು. ಇಂದು ಅವರ ಪಾತ್ರೆಗಳು ಮಾರಾಟವಾಗುವುದು ಅವರ ಹೆಸರಿನೊಂದಿಗೇ. 1992ರಿಂದ ಫಿನ್‌ಲೆಂಡಿನಲ್ಲಿ ಅವರ ಹೆಸರಿನ ವಿನ್ಯಾಸ ಪ್ರಶಸ್ತಿಯೂ ಇದೆ. ಅದನ್ನು ಮೊದಲು ಪಡೆದವರು ಅದೇ ಓಯ್ವಾ ತೊಯ್ಕಾ. ಹೆಸರು ಬೇಡವೆಂದವರ ಹೆಸರೇ ಒಂದು ಆಸ್ತಿಯಾಯಿತು. ಲೆಕ್ಕಿಗನಾಗಿ ನನಗೆ ಈ ತಿರುವು ಅಚ್ಚರಿಯೆನಿಸುವುದಿಲ್ಲ. ಗುಡ್‌ವಿಲ್ ಎಂಬುದು ಬೇಡಿದವರ ಬಳಿಗಿಂತ ಅದನ್ನು ಗಳಿಸಿದವರ ಬಳಿಗೆ ಬರುತ್ತದೆ.

ಎರಡನೆಯ ಜನ್ಮ

1970ರ ದಶಕದ ಮಧ್ಯದಲ್ಲಿ ಕಿಲ್ತಾದ ತಯಾರಿಕೆ ನಿಂತಿತು. ಅದರ ಮೂಲ ವಸ್ತುವಾದ ಫೈಯೆನ್ಸ್ ಎಂಬ ಮೆತ್ತನೆಯ ಮಣ್ಣಿನ ಪಾತ್ರೆಯು ಹೊಸ ಅಡುಗೆಮನೆಗಳ ಉಪಕರಣಗಳಿಗೆ ತಕ್ಕುದಾಗಿರಲಿಲ್ಲ. ಇಪ್ಪತ್ತು ವರ್ಷ ಓಡಿದ ಸರಕೊಂದು ನಿಂತಾಗ ಬಹುತೇಕ ಉದ್ದಿಮೆದಾರರು ಹೊಸ ನಮೂನೆಯ ಹುಡುಕಾಟಕ್ಕೆ ತೊಡಗುತ್ತಾರೆ. ಫ್ರಾಂಕ್ ಅವರು ಹಾಗೆ ಮಾಡಲಿಲ್ಲ. ಆಕಾರಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಅವಶ್ಯವಾದ ತಿದ್ದುಪಡಿ ಮಾಡಿ, ಗಟ್ಟಿಯಾದ ವಿಟ್ರೋ ಪಿಂಗಾಣಿಗೆ ಅಳವಡಿಸಿದರು. 1981ರಲ್ಲಿ ಅದು 'ತೇಮಾ' ಎಂಬ ಹೆಸರಿನಲ್ಲಿ ಹೊರಬಂತು. ಒಲೆಯಲ್ಲಿ, ಶೀತಪೆಟ್ಟಿಗೆಯಲ್ಲಿ, ಪಾತ್ರೆ ತೊಳೆಯುವ ಯಂತ್ರದಲ್ಲಿ ಇಡಬಹುದಾದ ಪಾತ್ರೆ ಅದು. ಆಗ ಅವರಿಗೆ ಎಪ್ಪತ್ತರ ಪ್ರಾಯ. ಅದಕ್ಕೆ ಸ್ವಲ್ಪ ಮುಂಚೆ, 1979ರಲ್ಲಿ, ಸಾರ್ವಿಸ್ ಕಂಪನಿಗಾಗಿ ಪ್ಲಾಸ್ಟಿಕ್ ಪಾತ್ರೆಗಳನ್ನೂ ಅವರು ರೂಪಿಸಿದ್ದರು. ವಸ್ತು ಕೀಳೋ ಮೇಲೋ ಎಂಬ ಮಡಿವಂತಿಕೆ ಅವರಿಗಿರಲಿಲ್ಲ.

1989ರ ಸೆಪ್ಟೆಂಬರ್ 26ರಂದು ಗ್ರೀಸ್ ದೇಶದ ಸಾಂತೊರಿನಿ ದ್ವೀಪದಲ್ಲಿ ಕಾಯ್ ಫ್ರಾಂಕ್ ಅವರು ನಿಧನರಾದರು.

ಕುಲುಮೆ ಆರಿದ ಮೇಲೆ

ಕಥೆಯನ್ನು ಇಲ್ಲಿಗೇ ಮುಗಿಸಿದರೆ ಸೊಗಸಾಗಿರುತ್ತದೆ, ಆದರೆ ಲೆಕ್ಕ ಪೂರ್ಣವಾಗುವುದಿಲ್ಲ. 1988ರಲ್ಲಿ ನೂತಾಯಾರ್ವಿಯು ಪ್ರತಿಸ್ಪರ್ಧಿಯಾದ ಇತ್ತಾಲಾದೊಂದಿಗೆ ವಿಲೀನವಾಯಿತು. 1990ರಲ್ಲಿ ಈ ಉದ್ದಿಮೆಗಳು ಹಾಕ್‌ಮನ್ ಸಮೂಹದ ಪಾಲಾದವು. 2007ರಲ್ಲಿ ಫಿಸ್ಕಾರ್ಸ್ ಕಂಪನಿ ಅವನ್ನು ಕೊಂಡಿತು. 2014ರಲ್ಲಿ ನೂತಾಯಾರ್ವಿ ಕಾರ್ಖಾನೆ ಮುಚ್ಚಿತು. 221 ವರ್ಷಗಳ ಕುಲುಮೆ ಆರಿತು. 2016ರಲ್ಲಿ ಹೆಲ್ಸಿಂಕಿಯ ಅರಾಬಿಯಾ ಕಾರ್ಖಾನೆಯಲ್ಲೂ ಉತ್ಪಾದನೆ ನಿಂತು, ಪಿಂಗಾಣಿಯ ತಯಾರಿಕೆ ವಿದೇಶಗಳಿಗೆ ಸ್ಥಳಾಂತರಗೊಂಡಿತು. ತೇಮಾ ಮತ್ತು ಕಾರ್ತಿಯೊ ಇಂದಿಗೂ ಇತ್ತಾಲಾ ಹೆಸರಿನಲ್ಲಿ ಮಾರಾಟವಾಗುತ್ತಿವೆ.

ಇದರಿಂದ ಏನನ್ನು ಗ್ರಹಿಸಬೇಕು? ಕಾರ್ಖಾನೆಯ ಅಢಾವೆ ಪತ್ರಿಕೆಯಲ್ಲಿ ಕಟ್ಟಡ, ಕುಲುಮೆ, ಅಚ್ಚು, ದಾಸ್ತಾನುಗಳಿಗೆ ಬೆಲೆ ಕಟ್ಟಿ, ವರ್ಷವರ್ಷವೂ ಸವಕಳಿ ತೆಗೆದು ತೋರಿಸಿರುತ್ತೇವೆ. ಅವೆಲ್ಲವೂ ಸವೆದುಹೋದವು. ಉಳಿದುಕೊಂಡದ್ದು ಎಂದೂ ಬೆಲೆ ಕಟ್ಟದ ಒಂದು ಆಕಾರ. ನಮ್ಮ ದೇಶದ ಲೆಕ್ಕಪತ್ರ ಮಾನದಂಡಗಳೂ ಸಂಸ್ಥೆಯೊಳಗೆ ತಾನಾಗಿ ಬೆಳೆದ ಬ್ರಾಂಡನ್ನು ಆಸ್ತಿಯೆಂದು ತೋರಿಸಲು ಅನುಮತಿಸುವುದಿಲ್ಲ. ಈ ಎಚ್ಚರಿಕೆ ಅಗತ್ಯವೇ. ಆದರೆ ಪುಸ್ತಕದಲ್ಲಿ ತೋರದ ಆಸ್ತಿ ಇಲ್ಲವೆಂದು ಭಾವಿಸಿ ಅದಕ್ಕೆ ಖರ್ಚು ಮಾಡದಿರುವುದು ವಿವೇಕವಲ್ಲ.

ಮಗ್ಗುಲಲ್ಲೇ ಇನ್ನೊಂದು ಸತ್ಯವೂ ಇದೆ. ಒಳ್ಳೆಯ ವಿನ್ಯಾಸವು ಸರಕನ್ನು ಉಳಿಸಿತು, ಊರಿನ ಕುಲುಮೆಯನ್ನು ಉಳಿಸಲಿಲ್ಲ. ಅಚ್ಚು ಮತ್ತು ಚಿತ್ರಗಳನ್ನು ಹಡಗಿನಲ್ಲಿ ಸಾಗಿಸಬಹುದು. ಊದುಗಾರನ ಉಸಿರಿನ ಅಳತೆಯನ್ನು ಸಾಗಿಸಲಾಗದು. ಲೋಟವು ಎಲ್ಲರ ದುಡಿಮೆ ಎಂದು ಫ್ರಾಂಕ್ ಅವರು ಯಾರ ಪರವಾಗಿ ವಾದಿಸಿದ್ದರೋ ಆ ಜನರ ಕೆಲಸವೇ ಮೊದಲು ಹೋಯಿತು, ಅವರು ಅಳಿಸಬೇಕೆಂದಿದ್ದ ಹೆಸರು ಉಳಿಯಿತು. ಈ ವ್ಯಂಗ್ಯವನ್ನು ಯಾವ ಖಾತೆಗೆ ಬರೆಯಬೇಕೋ ನಾನರಿಯೆ.

ನಮ್ಮ ಸದಸ್ಯರು ಗಮನಿಸಬಹುದಾದ ಅಂಶಗಳು

1. ಹೊಸ ನಮೂನೆಯನ್ನು ಸೇರಿಸುವ ಮುನ್ನ ಇರುವ ನಮೂನೆಗಳಲ್ಲಿ ಏನನ್ನು ತೆಗೆಯಬಹುದು ಎಂದು ನೋಡಿರಿ. ಪ್ರತಿ ನಮೂನೆಯೂ ಒಂದು ಅಚ್ಚು, ಒಂದು ಪೆಟ್ಟಿಗೆ, ಗೋದಾಮಿನಲ್ಲಿ ಒಂದು ಸಾಲು.

2. ಒಂದೇ ಮುಚ್ಚಳವು ಎರಡು ಮೂರು ಪಾತ್ರೆಗಳಿಗೆ ಹೊಂದುವಂತೆ, ಒಂದೇ ಬಿಡಿಭಾಗವು ಹಲವು ಯಂತ್ರಗಳಿಗೆ ಕೂಡುವಂತೆ ಆರಂಭದಲ್ಲೇ ಯೋಜಿಸಿರಿ. ಆನಂತರದ ಯಾವ ಮಿತವ್ಯಯವೂ ಇದಕ್ಕೆ ಸಮನಲ್ಲ.

3. ಗಿರಾಕಿಯು ಒಡೆದುದನ್ನು ಬದಲಿಸಿಕೊಳ್ಳಲು ಅವಕಾಶವಿಡಿರಿ. ಬಿಡಿ ಮಾರಾಟವು ಅಂದಿನ ಬಿಲ್ಲನ್ನು ಚಿಕ್ಕದಾಗಿಸಬಹುದು, ವರ್ಷಾಂತ್ಯದ ವಹಿವಾಟನ್ನಲ್ಲ.

4. ನಿಮ್ಮದೇ ಆದ ಆಕಾರವಿದ್ದರೆ ಅದನ್ನು ಕಾಯ್ದುಕೊಳ್ಳಿರಿ. ನಮ್ಮ ದೇಶದಲ್ಲಿ 2000ನೇ ಇಸವಿಯ ವಿನ್ಯಾಸ ಕಾಯಿದೆಯಡಿ ನೋಂದಾಯಿತ ವಿನ್ಯಾಸಕ್ಕೆ 10 ವರ್ಷಗಳ, ವಿಸ್ತರಿಸಿಕೊಂಡರೆ ಇನ್ನೂ 5 ವರ್ಷಗಳ ರಕ್ಷಣೆಯಿದೆ. ಸರಕನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಹೊಸತನದ ಹಕ್ಕು ಕಳೆದುಹೋಗುವುದರಿಂದ ಅರ್ಜಿಯನ್ನು ಮೊದಲೇ ಸಲ್ಲಿಸುವುದು ಕ್ಷೇಮ.

5. ಕುಶಲ ಕೆಲಸಗಾರರ ಸಲಹೆಯನ್ನು ಚಿತ್ರ ಅಂತಿಮಗೊಳ್ಳುವ ಮುನ್ನ ಕೇಳಿರಿ. ಕುಲುಮೆಯ ಮುಂದೆ ನಿಂತವರಿಗೆ ತಿಳಿದಿರುವುದು ಕಚೇರಿಯಲ್ಲಿ ಕುಳಿತವರಿಗೆ ವೆಚ್ಚದ ಪಟ್ಟಿಯಲ್ಲಿ ಮಾತ್ರ ತಿಳಿಯುತ್ತದೆ, ಅದೂ ತಡವಾಗಿ.

ಮುಂದಿನ ಮಾರ್ಚ್ ತಿಂಗಳಲ್ಲಿ ನಾನು ಮತ್ತೆ ಗೋದಾಮುಗಳಿಗೆ ಹೋಗುತ್ತೇನೆ. ಮೂಲೆಯ ಪೆಟ್ಟಿಗೆಗಳು ಅಲ್ಲೇ ಇರುತ್ತವೆ. ಅವಕ್ಕೆ ಬೆಲೆ ಹಾಕುವ ನಿಯಮವೂ ಬದಲಾಗಿರುವುದಿಲ್ಲ. ಆದರೆ ಆ ಪೆಟ್ಟಿಗೆಗಳ ನಷ್ಟ ಲಾರಿಯಲ್ಲಿ ಒಡೆದ ದಿನ ಆದದ್ದಲ್ಲ, ಸರಕನ್ನು ರೂಪಿಸಿದ ದಿನವೇ ಆದದ್ದು ಎಂಬ ಮಾತನ್ನು ಈ ಬಾರಿ ಸೇರಿಸಿ ಹೇಳುವೆನು.